ಎಡಗಣ್ಣಿನ ದೃಷ್ಟಿ

ತಿಪಟೂರಿನಲ್ಲಿ ನನ್ನನ್ನು ಅರವಳಿಕೆ ತಜ್ಞೆ ಎಂದು ಕರೆಯುವವರು ಯಾರೂ ಇಲ್ಲ. ನಾನು 'ಮತ್ತಿನ ಡಾಕ್ಟ್ರಮ್ಮ'. ಮಾರ್ಕೆಟ್ಟಿನಲ್ಲಿ ಹೂವು ಮಾರುವವಳು ಕೂಡ ಹಾಗೇ ಕೂಗಿ ಕರೆಯುತ್ತಾಳೆ, ಪಕ್ಕದಲ್ಲಿ ನಿಂತವರು ಒಂದು ಸಲ ತಿರುಗಿ ನನ್ನ ಮುಖ ನೋಡುತ್ತಾರೆ. ನನ್ನ ಗಂಡನಿಗೆ ಇದು ಎಷ್ಟು ವರ್ಷವಾದರೂ ಹಳತಾಗದ ತಮಾಷೆ. ನೆಂಟರ ಮನೆಗೆ ಹೋದರೆ ಮೊದಲು ಅದನ್ನೇ ತೆಗೆಯುತ್ತಾನೆ. ನಾನು ಬೈದಷ್ಟೂ ಅವನಿಗೆ ಖುಷಿ.

ನಾನು ಕೆಲಸ ಮಾಡುವ ಸಣ್ಣ ಆಸ್ಪತ್ರೆಗೆ ತಿಂಗಳಿಗೊಂದು ಶನಿವಾರ ಬೆಂಗಳೂರಿನಿಂದ ಮಕ್ಕಳ ಕಣ್ಣಿನ ಡಾಕ್ಟರು ರೈಲಿನಲ್ಲಿ ಬರುತ್ತಾರೆ. ಮಕ್ಕಳನ್ನು ಮಲಗಿಸುವವಳು ನಾನು, ಕಣ್ಣು ನೋಡುವವರು ಅವರು. 'ಬರೀ ಕಣ್ ನೋಡಾಕೆ ಮತ್ತು ಯಾಕ್ರೀ ಕೊಡ್ಬೇಕು?' ಎಂದು ಕೇಳದ ಮನೆಯವರಿಲ್ಲ. ದೊಡ್ಡವರಾದರೆ ಯಂತ್ರದ ಮೇಲೆ ಗದ್ದ ಇಟ್ಟು ಕೂರುತ್ತಾರೆ. ಎರಡು ವರ್ಷದ ಮಗು ಕೂರುತ್ತದೆಯೇ? ಬೆಳಕು ಬಿಟ್ಟ ಕೂಡಲೇ ಕಣ್ಣು ಮುಚ್ಚುತ್ತದೆ, ಒದೆಯುತ್ತದೆ, ಅಮ್ಮನ ಸೆರಗಿನೊಳಗೆ ಮುಖ ತೂರಿಸುತ್ತದೆ. ಕಣ್ಣಿನ ಒಳಗನ್ನು ಅಂಚಿನವರೆಗೂ ನೋಡಬೇಕಾದರೆ ರೆಪ್ಪೆ ಬಿಡಿಸಿ ಕ್ಲಿಪ್ಪು ಹಾಕಬೇಕು, ಗುಡ್ಡೆಯನ್ನು ಸಣ್ಣ ಕಡ್ಡಿಯಿಂದ ಒತ್ತಿ ಅತ್ತಿತ್ತ ತಿರುಗಿಸಬೇಕು. ಎಚ್ಚರವಿದ್ದ ಮಗು ಅದಕ್ಕೆ ಬಿಡುವುದಿಲ್ಲ, ಬಿಡಲೂಬಾರದು.

ನಮ್ಮ ಥಿಯೇಟರು ದೊಡ್ಡಾಸ್ಪತ್ರೆಗಳ ಥಿಯೇಟರಿನಂತಲ್ಲ. ಅರವಳಿಕೆಯ ಯಂತ್ರ ಬೇರೆ ಯಾವುದೋ ಆಸ್ಪತ್ರೆ ಬೇಡವೆಂದು ಕೊಟ್ಟದ್ದು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಕ್ಲಿಪ್ಪು ದೊಡ್ಡವರ ಅಳತೆಯದು, ಮಕ್ಕಳ ಕೈಯಲ್ಲಿ ನಿಲ್ಲುವುದಿಲ್ಲ. ಅದನ್ನು ಪಾದಕ್ಕೆ ಇಟ್ಟು ಬಟ್ಟೆ ಸುತ್ತುತ್ತೇನೆ. ಕರೆಂಟು ಹೋದರೆ ಇನ್ವರ್ಟರು ಬರುತ್ತದೆ, ಬರುವ ಮೊದಲು ಒಂದು ಗಳಿಗೆ ಯೋಚನೆ ಮಾಡುತ್ತದೆ. ಇದೆಲ್ಲಕ್ಕಿಂತ ನನಗೆ ಕಷ್ಟವಾಗುವುದು ಕತ್ತಲು. ಡಾಕ್ಟರು ತಲೆಗೆ ದೀಪ ಕಟ್ಟಿಕೊಂಡು ಕೈಯಲ್ಲಿ ಮಸೂರ ಹಿಡಿದು ಕಣ್ಣಿನೊಳಗೆ ನೋಡುವಾಗ ಕೋಣೆಯಲ್ಲಿ ಬೇರೆ ಬೆಳಕು ಇರಕೂಡದು. ಮಲಗಿದ ಮಗುವಿನ ತುಟಿಯ ಬಣ್ಣ ನೋಡುತ್ತ ಕೂರುವುದು ನನ್ನ ಕಸುಬು, ಆ ತುಟಿಯೇ ನನಗೆ ಕಾಣುವುದಿಲ್ಲ. ಅದಕ್ಕೆ ಮಗುವಿನ ಎದೆಗೆ ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಪ್ಲಾಸ್ಟರಿನಿಂದ ಅಂಟಿಸಿ ಕೇಳಿಸಿಕೊಳ್ಳುತ್ತ ಕೂರುತ್ತೇನೆ.

ಗುಡ್ಡೆಯನ್ನು ಒತ್ತಿದರೆ ಕೆಲವು ಮಕ್ಕಳ ಎದೆಬಡಿತ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ. ಆಗ ನಾನು 'ಬುಡಿ' ಎನ್ನುತ್ತೇನೆ. ಅವರು ತಕ್ಷಣ ಕಡ್ಡಿ ತೆಗೆಯುತ್ತಾರೆ, ಬಡಿತ ಮತ್ತೆ ಸರಿಯಾಗುತ್ತದೆ. ಡಾಕ್ಟರು ಕರಾವಳಿಯವರು. ಮೊದಲ ಸಲ ನಾನು ಹಾಗೆಂದಾಗ 'ಬುಡಿ ಎಂದರೆ ಯಾವ ಬುಡ ಮೇಡಂ?' ಎಂದು ಕೇಳಿದ್ದರು. ಮಗುವಿನ ಎದೆ ನಿಧಾನವಾಗುತ್ತಿರುವಾಗ ವ್ಯಾಕರಣ ಕೇಳುವ ಮನುಷ್ಯ ಎಂದು ಅವರ ಮೇಲೆ ರೇಗಿದ್ದೆ. ಈಗ ಬೆಂಗಳೂರಿನ ಆಸ್ಪತ್ರೆಯಲ್ಲೂ ಅವರ ಬಾಯಲ್ಲಿ ಅದೇ ಬರುತ್ತದಂತೆ.

ಹೇಳಬೇಕಾದದ್ದು ಒಂದು ಮಗುವಿನ ವಿಷಯ. ಹೆಣ್ಣುಮಗು, ಆಗಷ್ಟೇ ಎರಡು ತುಂಬಿತ್ತು. ಹಂದನಕೆರೆಯಿಂದ ಒಳಗೆ ಹೋಗುವ ಒಂದು ಊರಿನವರು. ತೋಟ, ಒಂದಿಷ್ಟು ರಾಗಿ ಹೊಲ, ಎರಡು ಹಸು ಇರುವ ಮನೆ. ಮಗುವನ್ನು ಕರೆತಂದವರು ತಾಯಿ ಮತ್ತು ಅಜ್ಜಿ, ಅಂದರೆ ಮಗುವಿನ ಅಪ್ಪನ ತಾಯಿ. ಸಂಜೆ ಹಾಲು ಕರೆಯಲು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಕೊಟ್ಟಿಗೆಗೆ ಹೋದಾಗ ಬಲ್ಬಿನ ಬೆಳಕಿಗೆ ಎಡಗಣ್ಣಿನ ಒಳಗೆ ಬೆಳ್ಳಗೆ ಏನೋ ಹೊಳೆದದ್ದನ್ನು ತಾಯಿ ಕಂಡಿದ್ದಳು. ಅಜ್ಜಿ ಅದನ್ನು ಒಪ್ಪಿರಲಿಲ್ಲ. 'ಮದ್ವೆಮನೇಲಿ ಎಲ್ರೂ ಎತ್ಕಂಡ್ ಎತ್ಕಂಡ್ ಆಡ್ಸಿದ್ರು ಕಣವ್ವ. ದಿಷ್ಟಿ ಆಗೈತೆ. ಉಪ್ಪು ಮೆಣಸಿನ್ಕಾಯಿ ನಿವಾಳಿಸ್ದೆ, ಕಾಯಿ ನಿವಾಳಿಸ್ದೆ. ಈ ಹುಡ್ಗಿ ಕೇಳ್ಬೇಕಲ್ಲ, ಆಸ್ಪತ್ರೆ ಅಂದ್ಲು,' ಎಂದು ಸೊಸೆಯ ಮೇಲೆ ನನಗೇ ದೂರು ಹೇಳಿದಳು.

ಮತ್ತು ಕೊಡುವ ಮೊದಲು ಹೊಟ್ಟೆ ಖಾಲಿ ಇರಬೇಕು. ಇಲ್ಲದಿದ್ದರೆ ಮಲಗಿದಲ್ಲೇ ವಾಂತಿಯಾಗಿ ಉಸಿರುನಾಳಕ್ಕೆ ಹೋದರೆ ಮಗು ಉಳಿಯುವುದು ಕಷ್ಟ. 'ಏನಾದ್ರೂ ತಿನ್ಸಿದ್ರಾ?' ಎಂದು ನಮ್ಮ ನರ್ಸು ಕೇಳಿದ್ದಕ್ಕೆ ಅಜ್ಜಿ ಏನೂ ಇಲ್ಲ ಎಂದಿದ್ದಳು. ನಮ್ಮ ತೆಂಗಿನ ಸೀಮೆಯಲ್ಲಿ ಆ ಉತ್ತರವನ್ನು ನಾನು ನಂಬುವುದಿಲ್ಲ. ನನ್ನದೇ ಪ್ರಶ್ನೆ ಒಂದಿದೆ.

'ಬೆಳಿಗ್ಗೆ ಎಳನೀರು ಕೆತ್ತಿದ್ರಾ ಅಜ್ಜಿ?'

'ಊ ಕಣವ್ವ. ಅಷ್ಟ್ ದೂರ ಬರ್ಬೇಕಲ್ಲ, ಕೂಸಿಗೆ ಬಾಯಾರ್ತದೆ.'

'ನೀರಾ, ಗಂಜಿನಾ?'

'ಗಂಜಿ ಇತ್ತು. ಮಿದು ಗಂಜಿ. ಬಿಸಾಕಾಕಾಯ್ತದಾ?'

ಎಳೆಗಾಯಿಯ ಒಳಗಿನ ಮೆತ್ತನೆಯ ತಿರುಳನ್ನು ನಮ್ಮಲ್ಲಿ ಯಾರೂ ತಿಂಡಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಎಳನೀರಿನ ಜೊತೆ ಬಂದದ್ದು, ಕುಡಿದದ್ದರ ಭಾಗ. ನನಗೆ ತಲೆ ಕೆಟ್ಟಿತು. ನರ್ಸಿಗೆ ಬೈದೆ, ಅಜ್ಜಿಗೂ ಬೈದೆ, ಅಜ್ಜಿ 'ಗಂಜಿ ಯಾವತ್ಲಿಂದ ಊಟ ಆಯ್ತವ್ವ?' ಎಂದು ನನ್ನನ್ನೇ ಕೇಳಿದಳು. ಕೊನೆಗೆ ಆ ಮಗುವನ್ನು ಮಧ್ಯಾಹ್ನದ ಮೇಲೆ ನೋಡೋಣ ಎಂದು ಎಲ್ಲ ಮಕ್ಕಳಿಗಿಂತ ಹಿಂದಕ್ಕೆ ಹಾಕಿದೆವು. ಹೀಗಾಗಿ ಅದರ ಸರದಿ ಬರುವ ಹೊತ್ತಿಗೆ ಡಾಕ್ಟರಿಗೆ ಸಂಜೆಯ ರೈಲಿನ ಚಿಂತೆ ಶುರುವಾಗಿತ್ತು.

ಕತ್ತಲು ಮಾಡಿ ಎಡಗಣ್ಣು ನೋಡಿದರು. ಆಮೇಲೆ ಬಲಗಣ್ಣು. ಅದನ್ನು ಅಂಚಿನವರೆಗೂ ಒತ್ತಿ ಒತ್ತಿ ನೋಡಿದರು, ಮಧ್ಯೆ ನಾನು 'ಬುಡಿ' ಎಂದೆ, ಬಿಟ್ಟು ಮತ್ತೆ ನೋಡಿದರು. ದೀಪ ಹಾಕಿದ ಮೇಲೆ ನನಗೆ ಹೇಳಿದರು: ಎಡಗಣ್ಣಿನ ತುಂಬ ಗಡ್ಡೆ, ಕ್ಯಾನ್ಸರು. ಆ ಕಣ್ಣು ಆಗಲೇ ಏನನ್ನೂ ಕಾಣುತ್ತಿಲ್ಲ. ಆದಷ್ಟು ಬೇಗ ತೆಗೆಯಬೇಕು, ಇಲ್ಲದಿದ್ದರೆ ನರದ ಗುಂಟ ಮಿದುಳಿಗೆ ಹೋಗುತ್ತದೆ, ಹೋದರೆ ಮಗು ಉಳಿಯುವುದಿಲ್ಲ. ಬಲಗಣ್ಣಿನ ಅಂಚಿನಲ್ಲೂ ಸಣ್ಣದೊಂದು ಹುಟ್ಟಿದೆ. ಈಗಲೇ ಲೇಸರಿನಿಂದ ಸುಟ್ಟರೆ ಆ ಕಣ್ಣು ಉಳಿಯುತ್ತದೆ. ಎರಡನ್ನೂ ಬೆಂಗಳೂರಿನಲ್ಲೇ ಮಾಡಬೇಕು.

ಮಗು ಏಳುವಾಗ ಪಕ್ಕದಲ್ಲಿ ತಾಯಿ ಇರಲಿ ಎಂದು ನಾನು ತಾಯಿಯನ್ನು ಒಳಗೆ ಕರೆದುಕೊಂಡೆ. ಹೀಗಾಗಿ ಹೊರಗಿದ್ದವಳು ಅಜ್ಜಿ ಒಬ್ಬಳೇ. ಡಾಕ್ಟರು ಬ್ಯಾಗು ಹೆಗಲಿಗೆ ಹಾಕಿಕೊಂಡೇ ಅವಳ ಜೊತೆ ಮಾತಾಡಿ ಸ್ಟೇಷನ್ನಿಗೆ ಓಡಿದರು. ಬಾಗಿಲ ಸಂದಿಯಿಂದ ಅಜ್ಜಿ ಕಂಡಳು. ಎರಡೂ ಕೈ ಎತ್ತಿ ಮುಗಿಯುತ್ತಿದ್ದಳು, ಮುಖ ಅರಳಿತ್ತು. ದುಃಖದಲ್ಲಿ ನಗುವವರನ್ನು ನಾನು ನೋಡಿದ್ದೇನೆ. ಇವಳೂ ಹಾಗೇ ಇರಬೇಕು ಎಂದುಕೊಂಡು ಮಗುವಿನ ಉಸಿರಿನ ಕಡೆ ತಿರುಗಿದೆ.

ಸೋಮವಾರ ಮಗುವಿನ ಅಪ್ಪನನ್ನು ಕರೆದುಕೊಂಡು ಬನ್ನಿ, ಬೆಂಗಳೂರಿಗೆ ಕಳಿಸುವ ವ್ಯವಸ್ಥೆ ಮಾಡುತ್ತೇವೆ ಎಂದು ಹೇಳಿ ಕಳಿಸಿದ್ದೆವು. ಉಳಿದದ್ದನ್ನು ಡಾಕ್ಟರು ಅಜ್ಜಿಗೆ ಹೇಳಿದ್ದಾರೆ ಎಂದುಕೊಂಡು ನಾನು ತಾಯಿಗೆ ಏನೂ ಬಿಡಿಸಿ ಹೇಳಿರಲಿಲ್ಲ. ಸೋಮವಾರ ಯಾರೂ ಬರಲಿಲ್ಲ. ಮಂಗಳವಾರವೂ ಇಲ್ಲ. ನರ್ಸು ಫೋನು ಮಾಡಿ ಒಂದೆರಡು ಮಾತಾಡಿ, ಏನೂ ಅರ್ಥವಾಗದೆ ಫೋನನ್ನು ನನ್ನ ಕೈಗೆ ಕೊಟ್ಟಳು. ಆ ಕಡೆ ಮಗುವಿನ ಅಪ್ಪ. ಗಟ್ಟಿ ದನಿ, ಸಂತೋಷದ ದನಿ.

'ವಾಸಿ ಆಗ್ತಾ ಐತಂತಲ್ಲ ಮೇಡಂ. ನಮ್ಮವ್ವಂಗೆ ಡಾಕ್ಟ್ರೇ ಅಂದ್ರಂತೆ. ಒಂದ್ ಕಣ್ಣಿಂದು ಪೂರ್ತಿ ಹೋಯ್ತಂತೆ. ಇನ್ನೊಂದ್ರಾಗೆ ಒಸಿ ಐತಂತೆ, ತಡ ಆದ್ರೂ ಅದೂ ಹೋಗ್ತೈತಂತೆ. ಕಾಯಿ ಕೆಡವಿಸ್ತಾ ಇದೀವಿ, ಮುಗುಸ್ಕಂಡು ಬತ್ತೀವಿ ಬುಡಿ.'

'ಏನು ಹೋಯ್ತಂತೆ?' ಎಂದೆ.

'ಅದೇ ಮೇಡಂ. ದಿಷ್ಟಿ.'

ನಾನು ಫೋನಿಟ್ಟು ಡಾಕ್ಟರಿಗೆ ಮಾಡಿದೆ. ಅಜ್ಜಿಗೆ ಏನು ಹೇಳಿದಿರೋ ಅದನ್ನು ಹೇಳಿದ ಹಾಗೇ ಇನ್ನೊಮ್ಮೆ ಹೇಳಿ ಎಂದೆ. ಅವರು ತಮ್ಮ ಊರಿನವರ ಜೊತೆ ಮಾತಾಡುವಾಗ ಬೇರೆ, ಇಲ್ಲಿಯ ಜನರ ಜೊತೆ ಮಾತಾಡುವಾಗ ಶಾಲೆಯ ಪಾಠದ ಕನ್ನಡ. ಅದೇ ಕನ್ನಡದಲ್ಲಿ ಒಪ್ಪಿಸಿದರು: 'ಎಡಗಣ್ಣಿನ ದೃಷ್ಟಿ ಪೂರ್ತಿ ಹೋಗಿದೆ. ಬಲಗಣ್ಣಿನಲ್ಲಿ ಇನ್ನೂ ದೃಷ್ಟಿ ಇದೆ. ಸ್ವಲ್ಪ ತಡವಾದರೂ ಅದೂ ಹೋಗುತ್ತದೆ.'

ಗಡ್ಡೆ, ಕ್ಯಾನ್ಸರು ಎಲ್ಲವನ್ನೂ ಸೋಮವಾರ ಅಪ್ಪನಿಗೆ ನಾನು ಹೇಳುತ್ತೇನೆಂದು ಬಿಟ್ಟಿದ್ದರಂತೆ. ಒಂದಕ್ಷರ ತಪ್ಪಿಲ್ಲ. ಯಾವ ಮೇಷ್ಟ್ರೂ ಕೆಂಪು ಗೆರೆ ಎಳೆಯಲಾರರು. ಆದರೆ ನಮ್ಮ ಕಡೆ ದೃಷ್ಟಿ ಎಂದರೆ ಒಂದೇ. ಅದು ಮಕ್ಕಳಿಗೆ ಆಗುತ್ತದೆ, ಹಿರಿಯರು ಅದನ್ನು ತೆಗೆಯುತ್ತಾರೆ, ತೆಗೆದರೆ ಹೋಗುತ್ತದೆ. ನೋಡುವುದಕ್ಕೆ ನಾವು ಕಣ್ಣು ಎನ್ನುತ್ತೇವೆ, ಕಾಣುತ್ತದೆ ಕಾಣುವುದಿಲ್ಲ ಎನ್ನುತ್ತೇವೆ. ಅಜ್ಜಿ ಕೇಳಿಸಿಕೊಂಡದ್ದರಲ್ಲೂ ಒಂದಕ್ಷರ ತಪ್ಪಿರಲಿಲ್ಲ. ತಾನು ನಿವಾಳಿಸಿದ್ದರಿಂದ ಒಂದು ಕಣ್ಣಿನದು ಹೋಗಿದೆ, ಇನ್ನೊಂದರಲ್ಲಿ ಸ್ವಲ್ಪ ಉಳಿದಿದೆ, ಸ್ವಲ್ಪ ನಿಧಾನವಾದರೂ ಅದೂ ಹೋಗುತ್ತದೆ ಎಂದು ದೊಡ್ಡ ಡಾಕ್ಟರೇ ಒಪ್ಪಿಕೊಂಡಿದ್ದರು. ಡಾಕ್ಟರಿಗೆ ಇದನ್ನು ಬಿಡಿಸಿ ಹೇಳಿದಾಗ ಅವರು 'ಅಯ್ಯೋ' ಎಂದರು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ.

ಮತ್ತೆ ಆ ಮನೆಗೆ ಫೋನು ಮಾಡಿ ಹೇಳಬಹುದಿತ್ತು. ಏನೆಂದು ಹೇಳುವುದು? ನಿಮ್ಮ ಮಗುವಿಗೆ ಕ್ಯಾನ್ಸರು, ಕಣ್ಣು ತೆಗೆಯಬೇಕು, ನಿಮ್ಮವ್ವ ಕೇಳಿಸಿಕೊಂಡದ್ದು ಉಲ್ಟಾ ಎಂದು ಫೋನಿನಲ್ಲಿ ಹೇಳುವ ಮಾತಲ್ಲ ಅದು. ನನಗೆ ಕಾರು ಓಡಿಸಲು ಬರುವುದಿಲ್ಲ. ಬುಧವಾರ ಬೆಳಿಗ್ಗೆ ಹಂದನಕೆರೆ ಕಡೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ದೃಷ್ಟಿ ಎಂಬ ಮಾತೊಂದು ನನ್ನ ಬಾಯಲ್ಲಿ ಬರಕೂಡದು ಎಂದು ಮಾತ್ರ ಗಟ್ಟಿ ಮಾಡಿಕೊಂಡಿದ್ದೆ.

ಹಂದನಕೆರೆಯಲ್ಲಿ ಆಟೋ ಹಿಡಿದು, ಆಮೇಲೆ ತೋಟದ ನಡುವೆ ನಡೆದು ಮನೆ ಮುಟ್ಟಿದಾಗ ಅಂಗಳದಲ್ಲಿ ಕೆಡವಿದ ಕಾಯಿಯ ರಾಶಿ ಬಿದ್ದಿತ್ತು. ಅಜ್ಜಿ ನನ್ನನ್ನು ಕಂಡು ಹಿಗ್ಗಿಹೋದಳು. 'ಮತ್ತಿನ್ ಡಾಕ್ಟ್ರಮ್ಮೋರು ಬಂದವ್ರೆ ಕಣ್ಲಾ' ಎಂದು ತೋಟದಲ್ಲಿದ್ದ ಮಗನನ್ನು ಕೂಗಿದಳು. ಬೇಡವೆಂದರೂ ಎಳನೀರು ಕೆತ್ತಿಸಿದಳು, ಗಂಜಿ ತೆಗೆದು ಕೊಡುತ್ತ 'ಇದು ಊಟ ಅಲ್ಲ, ತಿನ್ನಿ' ಎಂದು ನನ್ನನ್ನೇ ಚುಚ್ಚಿದಳು. ಮಗು ಜಗಲಿಯ ಮೇಲೆ ಕೂತು ಬೆಲ್ಲ ಕೊಬ್ಬರಿ ತಿನ್ನುತ್ತಿತ್ತು. ಎಚ್ಚರವಿದ್ದಾಗ ಆ ಮಗುವನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಕೆನ್ನೆ ಉಬ್ಬಿಸಿಕೊಂಡು ತಿನ್ನುವ ಗುಂಡು ಮಗು.

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಮಗುವಿನ ಪಕ್ಕ ಕೂತು, ನನ್ನ ಅಂಗೈಯಿಂದ ಅದರ ಎಡಗಣ್ಣು ಮುಚ್ಚಿದೆ. ಮಗು ತಿನ್ನುತ್ತಲೇ ಇತ್ತು. ಕೈ ತೆಗೆದು ಬಲಗಣ್ಣು ಮುಚ್ಚಿದೆ. ಮಗು ತಲೆ ಕೊಡವಿತು, ನನ್ನ ಕೈ ನೂಕಿತು, ಕೊಬ್ಬರಿ ಕೆಳಗೆ ಹಾಕಿ ಜೋರಾಗಿ ಅತ್ತಿತು. ಸಮಾಧಾನ ಮಾಡಿ ಕೊಬ್ಬರಿ ಕೈಗೆ ಕೊಟ್ಟೆ. 'ಈಗ ನೀವ್ ಮುಚ್ಚಿ ನೋಡಿ ಅಜ್ಜಿ' ಎಂದೆ.

ಅಜ್ಜಿ ನಗುತ್ತಲೇ ಬಂದು ಎಡಗಣ್ಣು ಮುಚ್ಚಿದಳು. ಮಗು ತಿನ್ನುತ್ತಲೇ ಇತ್ತು. ಬಲಗಣ್ಣು ಮುಚ್ಚಿದಳು. ಮಗು 'ಅಜ್ಜೀ, ಅಜ್ಜೀ' ಎಂದು ಅಳುತ್ತ ಕೈಯಿಂದ ತಡಕಾಡಿತು. ಅಜ್ಜಿ ಎದುರಿಗೇ ಕೂತಿದ್ದಳು. ಅವಳು ಕೈ ತೆಗೆದು ಇನ್ನೊಂದು ಸಲ ಎಡಗಣ್ಣು ಮುಚ್ಚಿದಳು, ಮಗು ಸುಮ್ಮನಾಗಿ ಅವಳ ಮುಖ ನೋಡಿ ನಕ್ಕಿತು. ಅಜ್ಜಿಯ ಮುಖದಲ್ಲಿ ನಗು ಇರಲಿಲ್ಲ.

'ಹಂಗಾರೆ ಆವಯ್ಯ ಹೋಯ್ತು ಅಂದಿದ್ದು ಇದುನ್ನಾ?'

'ಹೂಂ ಅಜ್ಜಿ. ಆ ಕಣ್ಣು ಕಾಣಲ್ಲ.'

'ಇನ್ನೊಂದ್ರಾಗೆ ಐತೆ ಅಂದಿದ್ದು?'

'ಅದು ಇನ್ನೂ ಕಾಣ್ತದೆ ಅಂತ.'

'ತಡ ಆದ್ರೂ ಹೋಗ್ತೈತೆ ಅಂದಿದ್ದು?' ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಮಗುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. 'ಹೋಯ್ತು ಅಂತ ದೇವ್ರಿಗೆ ಕಾಯಿ ಒಡ್ಸಿ ಬಂದ್ನಲ್ಲವ್ವ ನಾನು.'

ನನಗೆ ಅಳು ಬಂತು. ಆಸ್ಪತ್ರೆಯಲ್ಲಿ ಎಂದೂ ಅಳದವಳು ಅಲ್ಲಿ ಕಾಯಿಯ ರಾಶಿಯ ಮುಂದೆ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಅಜ್ಜಿ ಅಳಲಿಲ್ಲ, ನನ್ನ ಮೇಲೆ ಹರಿಹಾಯ್ದಳು. 'ಓದ್ದೋರು ನೀವು. ಕಣ್ ಕಾಣಾಕಿಲ್ಲ ಅನ್ನಾಕೆ ಏನ್ ಬಾಯ್ ಬಿದ್ದೋಗಿತ್ತಾ?' ಎಂದಳು. ಮಗುವಿನ ತಾಯಿ ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

ಅಷ್ಟರಲ್ಲಿ ಅಪ್ಪ ತೋಟದಿಂದ ಬಂದ. ಗಡ್ಡೆ, ಕ್ಯಾನ್ಸರು, ಬೆಂಗಳೂರು ಎಲ್ಲವನ್ನೂ ಅವನಿಗೆ ಬಿಡಿಸಿ ಹೇಳಿದೆ. ಕಣ್ಣು ತೆಗೆಯಬೇಕು ಎಂಬಲ್ಲಿಗೆ ಬಂದಾಗ ತಲೆ ಅಲ್ಲಾಡಿಸಿದ. 'ಹೆಣ್ಮಗು ಮೇಡಂ. ಕಾಣ್ದಿದ್ರೂ ಕಣ್ಣು ಅಂತ ಒಂದ್ ಇರ್ತೈತಲ್ಲ, ಹಂಗೇ ಇರ್ಲಿ ಬುಡಿ' ಎಂದ. ಅವನು ಹೇಳುವುದೇನೆಂದು ನನಗೆ ಅರ್ಥವಾಗದೇ ಇರಲಿಲ್ಲ. ನಕಲಿ ಕಣ್ಣು ಹಾಕುತ್ತಾರೆ, ಗೊತ್ತೇ ಆಗುವುದಿಲ್ಲ ಎಂದೆಲ್ಲ ಹೇಳಿದೆ. ಅವನು ಒಪ್ಪಲಿಲ್ಲ.

ಅಜ್ಜಿ ಮೇಲಕ್ಕೆ ಕೈ ತೋರಿಸಿದಳು. ನಮ್ಮ ಕಡೆ ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ, ಒಳಗೇ ಒಣಗಿ ಗಟ್ಟಿಯಾಗಲಿ ಎಂದು. 'ಅಟ್ಟದಾಗೆ ಒಂದ್ ಕಾಯಿ ಕೊಳ್ತು ನೀರ್ ಬಿಟ್ರೆ ಏನ್ ಮಾಡ್ತೀಯಲಾ? ನೋಡಾಕೆ ಕಾಯಿ ಇದ್ದಂಗೇ ಐತೆ, ಇರ್ಲಿ ಅಂತ ಬುಡ್ತೀಯಾ?' ಎಂದಳು. 'ನಾಳೀಕೇ ಹೊರಡಾದು. ಕಾಯಿ ಯಾರಾರ ಸುಲೀಲಿ,' ಎಂದು ಎದ್ದು ಮಗುವಿನ ಬಟ್ಟೆ ಜೋಡಿಸಲು ಒಳಗೆ ಹೋದಳು.

ಮರುದಿನ ಹೊರಟರು. ಬೆಂಗಳೂರಿನಲ್ಲಿ ಎಡಗಣ್ಣು ತೆಗೆದರು. ನರದೊಳಕ್ಕೆ ಇನ್ನೂ ಹೋಗಿರಲಿಲ್ಲ ಎಂದು ಪರೀಕ್ಷೆಯಲ್ಲಿ ಬಂತು. ಡಾಕ್ಟರು ಫೋನು ಮಾಡಿ ಅದನ್ನು ಹೇಳಿದಾಗ ನಾನು ಅಡುಗೆಮನೆಯಲ್ಲಿದ್ದೆ, ಒಲೆ ಆರಿಸಿ ಹೋಗಿ ಗಂಡನಿಗೆ ಹೇಳಿದೆ. ಬಲಗಣ್ಣಿನದನ್ನು ಲೇಸರಿನಿಂದ ಸುಟ್ಟರು. ಆದರೆ ಈ ಕಾಯಿಲೆ ಒಂದು ಸಲ ಸುಟ್ಟರೆ ಮುಗಿಯುವಂಥದ್ದಲ್ಲ, ಹೊಸದು ಹುಟ್ಟುತ್ತದೆ. ಮಗು ದೊಡ್ಡದಾಗುವವರೆಗೂ ಮಲಗಿಸಿ ಮಲಗಿಸಿ ನೋಡುತ್ತಿರಬೇಕು. ಹಾಗೆ ನೋಡುವುದನ್ನು ತಿಪಟೂರಿನಲ್ಲೇ ಮಾಡೋಣ ಎಂದು ಡಾಕ್ಟರು ಒಪ್ಪಿದರು.

ಆಸ್ಪತ್ರೆಯಲ್ಲಿ ನಾನು ಆ ಪದವನ್ನೇ ನಿಷೇಧ ಮಾಡಿಬಿಟ್ಟೆ. ಬಾಗಿಲ ಮೇಲೆ 'ದೃಷ್ಟಿ ಪರೀಕ್ಷೆ' ಎಂದಿದ್ದುದನ್ನು ಅಳಿಸಿ 'ಕಣ್ಣು ಪರೀಕ್ಷೆ' ಎಂದು ಬರೆಸಿದೆ. ಡಾಕ್ಟರಿಗೆ 'ಕಾಣ್ತದೆ, ಕಾಣಲ್ಲ' ಎಂದು ಹೇಳಲು ಕಲಿಸಿದೆ. ಅವರ ಬಾಯಲ್ಲಿ ಅದು ನಾಟಕದ ಮಾತಿನ ಹಾಗೆ ಕೇಳುತ್ತದೆ, ಕೇಳಲಿ. ಮನೆಯವರೆಲ್ಲ ಕೂತ ಮೇಲೇ ಮಾತು ಎಂದು ನಿಯಮ ಮಾಡಿದ್ದೇವೆ. ಅದಕ್ಕಾಗಿ ಡಾಕ್ಟರು ಈಗ ರಾತ್ರಿಯ ರೈಲಿಗೆ ಹೋಗುತ್ತಾರೆ.

ಅಜ್ಜಿ ಪ್ರತಿ ಸಲವೂ ಬರುತ್ತಾಳೆ. ಈಗ ಎಳನೀರಿನ ಸುದ್ದಿ ನಾನು ಕೇಳಬೇಕಾಗಿಲ್ಲ. ಬೇರೆ ಮಕ್ಕಳ ಮನೆಯವರನ್ನು ಅವಳೇ ಸಾಲಾಗಿ ವಿಚಾರಿಸುತ್ತಾಳೆ, 'ಗಂಜಿ ಕೊಟ್ಟಿಲ್ಲ ತಾನೇ? ಗಂಜೀನೂ ಊಟವೇ ಕಣವ್ವ' ಎಂದು. ಮಗು ಉಪವಾಸ ಇರುವಾಗ ತಾನೂ ಒಂದು ಗುಟುಕು ನೀರು ಮುಟ್ಟುವುದಿಲ್ಲ. ನಿಮಗೇನು ಮತ್ತು ಕೊಡುವುದಿಲ್ಲ, ಕಾಫಿ ಕುಡಿಯಿರಿ ಎಂದರೂ ಕೇಳುವುದಿಲ್ಲ.

ಹೋದ ತಿಂಗಳು ಬಂದಾಗ ಮಗು ಹಸಿರು ಲಂಗ ಹಾಕಿಕೊಂಡಿತ್ತು. ಎಡಗಡೆ ಗಾಜಿನ ಹಾಗೆ ಹೊಳೆಯುವ ನಕಲಿ ಕಣ್ಣು, ಬಲಗಡೆ ಅದರದೇ ಕಣ್ಣು. ಕತ್ತಲು ಮಾಡಿದೆವು. ಎದೆಬಡಿತ ಕೇಳುತ್ತ ಕೂತೆ. ಉಳಿದ ಮಕ್ಕಳ ವಿಷಯದಲ್ಲಿ ನನಗೆ ಗಮನ ಇರುತ್ತದೆ, ಈ ಮಗುವಿನ ವಿಷಯದಲ್ಲಿ ಹೆದರಿಕೆಯೂ ಇರುತ್ತದೆ. ಡಾಕ್ಟರು ಅಂಚು ಒತ್ತಿದಾಗ ಬಡಿತ ಜಾರಿತು. 'ಬುಡಿ' ಎಂದೆ, ಬಿಟ್ಟರು, ಸರಿಯಾಯಿತು. ಮತ್ತೆ ನೋಡಿದರು. ದೀಪ ಹಾಕಿ 'ಹೊಸದು ಏನೂ ಇಲ್ಲ ಮೇಡಂ' ಎಂದರು.

ಅಪ್ಪ, ತಾಯಿ, ಅಜ್ಜಿ ಮೂವರನ್ನೂ ಕೂರಿಸಿಕೊಂಡು ಡಾಕ್ಟರು ತಾವು ಕಲಿತ ಮಾತನ್ನು ಹೇಳಿದರು: 'ಬಲಗಣ್ಣು ಚೆನ್ನಾಗಿ ಕಾಣ್ತದೆ. ಹೊಸ ಗಡ್ಡೆ ಇಲ್ಲ. ಬರುವ ತಿಂಗಳೂ ನೋಡ್ಬೇಕು.' ಅಜ್ಜಿ ತಲೆಯಾಡಿಸಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗಿನ ಬೆಂಚಿನಲ್ಲಿ ಕೂತಳು. ಪಕ್ಕದಲ್ಲಿ ತನ್ನ ಮೊಮ್ಮಗನ ಸರದಿಗೆ ಕಾಯುತ್ತಿದ್ದ ಚಿಕ್ಕನಾಯಕನಹಳ್ಳಿಯ ಹೆಂಗಸು ಮಗುವಿನ ಗಲ್ಲ ಮುಟ್ಟಿ, 'ಎಷ್ಟ್ ಲಕ್ಷಣವಾಗೈತೆ ಕೂಸು. ಮನೆಗೋಗಿ ದಿಷ್ಟಿ ತೆಗೀರಮ್ಮ' ಎಂದಳು.

'ಬ್ಯಾಡ ಕಣವ್ವ,' ಎಂದಳು ಅಜ್ಜಿ. 'ಇರಾದೇ ಒಂದು. ಅದುನ್ನೂ ತೆಗೀಲಾ?'

ಆ ಹೆಂಗಸಿಗೆ ಏನೂ ಅರ್ಥವಾಗಲಿಲ್ಲ, ನನ್ನ ಕಡೆ ನೋಡಿದಳು. ನಾನು ಅವಳ ಮೊಮ್ಮಗನನ್ನು ಎತ್ತಿಕೊಂಡು ಒಳಗೆ ಹೋದೆ.